ಹದಿನೈದು ಸುತ್ತು

ಆ ಮಂಗಳವಾರ ಮಾಡಿದ ಕೆಲಸಗಳು ಇವು. ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ಬೆಳಿಗ್ಗೆಯೇ ಬಂತು. ಅಂಗಳದ ಟಾಕಿ ತುಂಬಿಸಿದೆ. ಮಂಗಗಳು ತಗಡಿನ ಮುಚ್ಚಳ ಸರಿಸಿ ನೀರಿಗೆ ಕೈ ಹಾಕುತ್ತವೆ, ಅದಕ್ಕೇ ಅದರ ಮೇಲೆ ಎಂದಿನಂತೆ ಒಡೆದ ಹಳೆಯ ಗೇರ್‌ಬಾಕ್ಸಿನ ಅರ್ಧ ಹೋಳನ್ನು ಹೇರಿದೆ. ಅದನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಕಟ್ಟಿಟ್ಟಿದ್ದೇನೆ, ಇಲ್ಲದಿದ್ದರೆ ಮುಚ್ಚಳಕ್ಕೆ ಎಣ್ಣೆಯ ಕಲೆ ಹತ್ತುತ್ತದೆಂದು ಹೆಂಡತಿ ಗೊಣಗುತ್ತಾಳೆ. ಎರಡು ಬೈಕಿಗೆ ಎಣ್ಣೆ ಬದಲಿಸಿದೆ. ಒಂದು ಟಂಟಂ ಆಟೋಗೆ ಹೊಸ ಕ್ಲಚ್ ಕೇಬಲ್ ಹಾಕಿದೆ. ಔಷಧಿ ಅಂಗಡಿಯವರ ಕಾರಿನ ಮುಂದಿನ ಬ್ರೇಕ್ ಬಿಚ್ಚಿದೆ. ಪ್ಯಾಡು ಗದಗಿನಿಂದ ಬರಬೇಕು, ಗಾಡಿ ಅಲ್ಲೇ ನಿಂತಿತು. ಮಧ್ಯಾಹ್ನ ಸಂತೆ ಕಟ್ಟೆಯಿಂದ ಎರಡು ಸಿವುಡು ಮೆಂತ್ಯ ತಂದೆ. ಕನ್ನಡಕದ ಕಡ್ಡಿಗೆ ತಂತಿ ಬಿಗಿದುಕೊಂಡೆ. ನಾಲ್ಕೂವರೆಗೆ ಅಕ್ಕಾರ ಕಾರು ಬಂತು. ಕಾರಿಗಿಂತ ಮೊದಲು ವಾಸನೆ ಬಂತು.

ಅಕ್ಕಾರು ಎಂದರೆ ನಮ್ಮ ರೋಣದಲ್ಲಿ ಸೀರೆ ವ್ಯಾಪಾರ ಮಾಡುವ ಹೆಣ್ಣುಮಗಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಆದರೆ ಊರೆಲ್ಲ ಹಾಗೆ ಕರೆಯುವುದರಿಂದ ನಾನೂ ಅಕ್ಕಾರ ಎನ್ನುತ್ತೇನೆ. ಗಜೇಂದ್ರಗಡದ ನೇಕಾರರ ಮನೆಗಳಿಂದ ಕೈಮಗ್ಗದ ಸೀರೆ ತಂದು ರೋಣ, ಸವಡಿ, ನರಗುಂದದ ಕಡೆಯ ಮನೆಮನೆಗೆ ಒಯ್ದು ಮಾರುತ್ತಾರೆ. ಮೊದಲು ಗಂಟು ಹೊತ್ತು ಬಸ್ಸಿನಲ್ಲಿ ತಿರುಗುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಹಳೆಯ ಸಣ್ಣ ಪೆಟ್ರೋಲ್ ಕಾರು ಕೊಂಡರು. ನಲವತ್ತು ದಾಟಿದ ಮೇಲೆ ಸ್ಟೀರಿಂಗ್ ಹಿಡಿದರು. ಹಿಡಿಸಿದವನು ನಾನೇ, ಹತ್ತಿ ಗಿರಣಿಯ ಖಾಲಿ ಬಯಲಿನಲ್ಲಿ ಇಪ್ಪತ್ತು ದಿನ ಪಕ್ಕದಲ್ಲಿ ಕೂತು ಕಲಿಸಿದ್ದೆ. ಚುರುಕು ಕೈ. ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಂಡವರಲ್ಲ.

"ಮೇಸ್ತ್ರಿ, ಮತ್ತ ಸುಟ್ಟ ವಾಸನಿ ಹೊಂಟೈತ್ರಿ," ಎಂದರು ಇಳಿಯುತ್ತ.

ಎಡಗಡೆ ಅವರ ಗಂಡ ಕೂತಿದ್ದರು. ಕಿರಾಣಿ ಅಂಗಡಿಯವರು, ನಗಿಸುವ ಮನುಷ್ಯ. "ಗಾಡಿ ಚಲೋನ ಐತ್ರಿ ಮೇಸ್ತ್ರಿ. ನೀವು ಆ ಗೇರ್‌ಬಾಕ್ಸ್ ಕುಂದರಿಸಿದ ಮ್ಯಾಲ ನರಗುಂದಕ್ಕ ಹೋಗಿ ಬಂದರೂ ಪೆಟ್ರೋಲಿನ ಮುಳ್ಳು ಇಳಿಯೂದಿಲ್ಲ, ನೀರ ಹರಿದಂಗ ಹೋಗತೈತಿ. ಡ್ರೈವರ್ ಬದಲಿ ಮಾಡೂ ಸಾಮಾನ ಎಲ್ಲೆರ ಸಿಕ್ಕರ ಅಷ್ಟ ನೋಡ್ರಿ."

ನಾನು ನಕ್ಕೆ. ಆ ನಗುವನ್ನು ಇಲ್ಲಿ ಬರೆದಿಡುವುದು ಅವಶ್ಯ, ಮುಂದೆ ಅದು ಬೇಕಾಗುತ್ತದೆ.

ಗೇರ್‌ಬಾಕ್ಸಿನ ವಿಷಯ ಹೀಗೆ. ಮಹಾನವಮಿ ಅಮವಾಸ್ಯೆಗೆ ನಾಲ್ಕು ದಿನ ಮೊದಲು ಸವಡಿಯ ಹೊಲದ ದಾರಿಯಲ್ಲಿ ಒಂದು ಕಲ್ಲು ಕಾರಿನ ಹೊಟ್ಟೆಗೆ ಬಡಿದು ಗೇರ್‌ಬಾಕ್ಸಿನ ಕವಚ ಸೀಳಿತ್ತು. ಎಣ್ಣೆ ಸೋರಿದ್ದು ಗೊತ್ತಾಗದೆ ಅಕ್ಕಾರು ಊರ ತನಕ ಓಡಿಸಿಕೊಂಡು ಬಂದಿದ್ದರು. ಗೇರಿನ ಮೇಲಿನ ಹಲ್ಲುಗಳೆಲ್ಲ ಎಣ್ಣೆಯಿಲ್ಲದೆ ಸವೆದು ಹೋಗಿದ್ದವು. ನಾನು ಹುಬ್ಬಳ್ಳಿಯ ಗುಜರಿಯಿಂದ ಅದೇ ಕಂಪನಿಯ ಇನ್ನೊಂದು ಗೇರ್‌ಬಾಕ್ಸ್ ತಂದು ಕೂಡಿಸಿದೆ. ಡಿಸೆಂಬರಿನ ಹೊತ್ತಿಗೆ ಕ್ಲಚ್ ಪ್ಲೇಟು ಸುಟ್ಟಿತು, ಬದಲಿಸಿದೆ. ಈಗ ಜನವರಿಯ ಬನದ ಹುಣ್ಣಿಮೆ ಮುಗಿದು ಎರಡು ದಿನವಾಗಿತ್ತು, ಹೊಸ ಪ್ಲೇಟೂ ವಾಸನೆ ಬಿಡುತ್ತಿತ್ತು.

ಅಂದು ಸಂಜೆ ಸಾಲಾಗಿ ಎಲ್ಲ ನೋಡಿದೆ. ಪೆಡಲಿನ ಸಡಿಲು ಸರಿ ಇತ್ತು. ಕೇಬಲ್ ಸರಿ. ಬ್ರೇಕ್ ಹಿಡಿದುಕೊಂಡು ಗಾಡಿಯನ್ನು ಜಗ್ಗುತ್ತಿದೆಯೇ ಎಂದು ನಾಲ್ಕೂ ಗಾಲಿ ಎತ್ತಿ ಕೈಯಿಂದ ತಿರುಗಿಸಿದೆ; ಸಲೀಸಾಗಿ ತಿರುಗಿದವು. ಪ್ಲಗ್ಗು ಒಳ್ಳೆಯ ಬಣ್ಣದಲ್ಲಿದ್ದವು. ಎಂಜಿನ್ನಿನಲ್ಲಿ ದಮ್ಮು ಇತ್ತು. ಇನ್ನು ಉಳಿದದ್ದು ಒಂದೇ ಎಂದುಕೊಂಡು ಹೇಳಿಯೂ ಬಿಟ್ಟೆ: "ಅಕ್ಕಾರ, ಕಾಲು ಕ್ಲಚ್ ಮ್ಯಾಲ ಇಟ್ಟ ಹೊಡಿತೀರಿ ನೀವು. ಅದಕ್ಕ ಸುಡತೈತಿ."

"ನೀವು ಕಲಿಸಿದಂಗ ಹೊಡಿತೀನ್ರಿ," ಎಂದರು ಅವರು. ಸ್ವಲ್ಪ ಹೊತ್ತು ಕಾರಿನ ಕಡೆ ನೋಡಿದರು. "ಹೋಗ್ಲಿ ಬಿಡ್ರಿ. ಐತವಾರ ಚಿಕ್ಕನರಗುಂದದವರು ಗಾಡಿ ನೋಡಾಕ ಬರತಾರ. ಕೊಟ್ಟ ಬಿಡತೀನಿ. ಬಸ್ಸಿನ್ಯಾಗ ತಿರಗೂದು ನನಗೇನ ಹೊಸಾದಲ್ಲ. ಈ ವಿದ್ಯಾ ನನ್ನ ಕಾಲಾಗಿಲ್ಲ."

ಗಂಡ ಈ ಸಲ ನಗಲಿಲ್ಲ. ಇಪ್ಪತ್ತು ದಿನ ಪಕ್ಕದಲ್ಲಿ ಕೂತು ನೋಡಿದ್ದೆನಲ್ಲ, ಈ ವಿದ್ಯೆ ಯಾರ ಕಾಲಲ್ಲಾದರೂ ಇದ್ದರೆ ಅದು ಅವರ ಕಾಲಲ್ಲೇ. "ನಾಳಿ ಗಜೇಂದ್ರಗಡಕ್ಕ ಹೋಗೂದೈತೇನ್ರಿ?" ಎಂದು ಕೇಳಿದೆ. "ನಾನೂ ಬಾಜೂಕ ಕುಂದ್ರತೀನಿ. ಒಮ್ಮೆ ನೋಡೂನು."

ಬುಧವಾರ ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನ ತುಂಬ ನೇಕಾರರಿಗೆ ಕೊಡಬೇಕಾದ ನೂಲಿನ ಗಂಟುಗಳು. ಎರಡೂ ಕಡೆ ಎರೆ ಹೊಲ, ಕಡಲೆ ಕಾಯಿ ಕಟ್ಟಿತ್ತು, ರಸ್ತೆ ಹಾಸಿದ ಹಾಗೆ ಮಟ್ಟ. ಅಕ್ಕಾರ ಎಡಗಾಲು ಗೇರು ಬದಲಿಸಿದ ಕೂಡಲೇ ಪೆಡಲು ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ನಾನು ರಸ್ತೆ ನೋಡಲೇ ಇಲ್ಲ, ಬರೀ ಆ ಪಾದವನ್ನೇ ನೋಡುತ್ತ ಕೂತೆ. ಒಂದು ತಪ್ಪೂ ಸಿಗಲಿಲ್ಲ. ನಾಲ್ಕನೇ ಗೇರಿನಲ್ಲಿ ಎಂಜಿನ್ನು ಮಾತೇ ಆಡುತ್ತಿರಲಿಲ್ಲ, ಅಷ್ಟು ಮೆತ್ತಗೆ. ಅವರ ಗಂಡ ಹೊಗಳಿದ್ದು ಸುಳ್ಳಲ್ಲ ಎನಿಸಿತು.

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ಬಂದಾಗ ಚಿತ್ರ ಬದಲಾಯಿತು. ಮುಂದೆ ಬಸ್ಸು, ತಳ್ಳುಗಾಡಿ, ಬಾಳೆಹಣ್ಣಿನವರು. ಇಂಥ ಕಡೆ ಎರಡನೇ ಗೇರಿನಲ್ಲಿ, ಎತ್ತಿನ ಗಾಡಿಯ ವೇಗದಲ್ಲಿ, ಸಣ್ಣ ಕಾರು ಆರಾಮಾಗಿ ಹೋಗಬೇಕು. ನಾನು ಕಲಿಸಿದ್ದೂ ಅದನ್ನೇ: ಪೂರಾ ನಿಲ್ಲುವ ಹಾಗಾದರೆ ಮಾತ್ರ ಒಂದನೆಯದು, ಉರುಳುತ್ತಿರುವ ತನಕ ಎರಡನೆಯದು ಸಾಕು. ಆದರೆ ಇವರು ಎರಡರಲ್ಲಿ ನಿಧಾನ ಮಾಡಿದರೆ ಗಾಡಿ ಕೆಮ್ಮು ಬಂದ ಮುದುಕನ ಹಾಗೆ ಕುಲುಕಿತು. ಒಂದಕ್ಕೆ ಇಳಿಸಿದರೆ ಎಕ್ಸಿಲೇಟರ್ ಮುಟ್ಟದೇನೇ ಮುಂದಿನವರ ಹಿಮ್ಮಡಿಗೆ ಹೋಗಿ ತಾಗುವಷ್ಟು ಓಡಿತು. ಎರಡರಲ್ಲೂ ನಿಭಾಯಿಸಲು ಇರುವ ದಾರಿ ಒಂದೇ, ಕ್ಲಚ್ಚನ್ನು ಅರ್ಧ ಒತ್ತಿ ಹಿಡಿಯುವುದು. ಅವರು ಒತ್ತಿದರು. ವಾಸನೆ ಬಂತು.

ನೇಕಾರರ ಓಣಿ ಗುಡ್ಡದ ಬುಡಕ್ಕೆ ಹತ್ತುತ್ತದೆ. ಇಕ್ಕಟ್ಟು, ಏರು, ಸಾಲದ್ದಕ್ಕೆ ನಡುವೆ ಒಂದು ಗಟಾರದ ಕಲ್ಲು. "ಅರ್ಧ ಕ್ಲಚ್ ಬ್ಯಾಡ್ರಿ, ಪೂರಾ ಬಿಡ್ರಿ," ಎಂದೆ. ಪೂರಾ ಬಿಟ್ಟರು. ಗಾಡಿ ಗಟಾರದ ಕಲ್ಲಿಗೆ ಮುಂದಿನ ಗಾಲಿ ಇಟ್ಟು, ಎರಡು ಸಲ ಮುಗ್ಗರಿಸಿ, ಬಂದ್ ಬಿತ್ತು. ಮಗ್ಗದ ಸದ್ದು ನಿಲ್ಲಿಸಿ ಒಬ್ಬ ನೇಕಾರ ಬಾಗಿಲಿಗೆ ಬಂದ.

"ಅಕ್ಕಾರ, ದಿನದಂಗ ನೂಕೂನೇನ್ರಿ?"

"ನೂಕಪಾ," ಎಂದರು ಅಕ್ಕಾರು, ಮುಂದೆಯೇ ನೋಡುತ್ತ. 'ದಿನದಂಗ' ಎಂದ ಆ ಮಾತು ನನಗೆ ಹೊಸದು. ನನ್ನೆದುರಿಗೆ ಅವರು ಇದನ್ನು ಎಂದೂ ಹೇಳಿರಲಿಲ್ಲ.

ಹಿಂದಿರುಗುವಾಗ ಊರ ಹೊರಗೆ ಮಟ್ಟವಾದ ಜಾಗದಲ್ಲಿ ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದೆ. "ಒಂದನೇ ಗೇರ್ ಹಾಕ್ರಿ, ಎಲ್ಲಾ ಪೆಡಲ್ ಬಿಟ್ಟ ಬಿಡ್ರಿ. ನಾ ಬಾಜೂಕ ನಡಿತೀನಿ." ಇಂಥ ಕಾರು ಬರಿಯ ಐಡಲಿನಲ್ಲಿ ಒಬ್ಬ ಮನುಷ್ಯನ ಚುರುಕು ನಡಿಗೆಯಷ್ಟು ಹೋಗಬೇಕು. ಇಪ್ಪತ್ತು ಹೆಜ್ಜೆಗೆ ನಾನು ಹಿಂದೆ ಬಿದ್ದೆ. ಮತ್ತೊಮ್ಮೆ ಮಾಡಿಸಿದೆ, ಧೋತರದ ಚುಂಗು ಎತ್ತಿ ಹಿಡಿದು ಸಣ್ಣಗೆ ಓಡಬೇಕಾಯಿತು. ಕಿಟಕಿಯಿಂದ ಅಕ್ಕಾರು ನೋಡಿ ಅಂದು ಮೊದಲ ಸಲ ನಕ್ಕರು. "ಮೇಸ್ತ್ರಿ, ಬಸ್ಸು ತಪ್ಪಿಸಿಕೊಂಡಂಗ ಓಡಾಕತ್ತೀರಲ್ರಿ!"

ನನಗೆ ನಗು ಬರಲಿಲ್ಲ. ಒಳಗಿನ ಗೇರಿನ ಲೆಕ್ಕವೇ ಬೇರೆಯೇನೋ ಎಂಬ ಸಂಶಯ ಹತ್ತಿತು.

ಗುರುವಾರ ಬೆಳಿಗ್ಗೆ ರೊಟ್ಟಿಯ ಕೆಲಸ ಮುಗಿದ ಮೇಲೆ ಹೆಂಡತಿಯನ್ನು ಗ್ಯಾರೇಜಿಗೆ ಕರೆದೆ. ಔಷಧಿ ಅಂಗಡಿಯವರ ಕಾರು ಇನ್ನೂ ಅಲ್ಲೇ ಇತ್ತು. ಅದು ಅಕ್ಕಾರ ಕಾರಿನದೇ ಮಾದರಿ, ಅದೇ ಎಂಜಿನ್ನು, ಕಂಪನಿಯಿಂದ ಬಂದ ಗೇರ್‌ಬಾಕ್ಸು. ಅಕ್ಕಾರ ಕಾರನ್ನು ತರಿಸಿ ಅದರ ಪಕ್ಕದಲ್ಲಿ ನಿಲ್ಲಿಸಿದ್ದೆ.

ಮಾಡಬೇಕಾದದ್ದು ಕಠಿಣವೇನಲ್ಲ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಬೇಕು, ಇನ್ನೊಂದು ನೆಲದ ಮೇಲೇ ಇರಬೇಕು. ಪ್ಲಗ್ಗು ಬಿಚ್ಚಿದರೆ ಎಂಜಿನ್ನು ಹಗುರಾಗುತ್ತದೆ. ಒಂದನೇ ಗೇರು ಹಾಕಿ, ಎಂಜಿನ್ನಿನ ಪುಲ್ಲಿಯನ್ನು ಪಾನಾ ಹಿಡಿದು ಕೈಯಿಂದ ತಿರುಗಿಸುತ್ತ ಹೋಗುವುದು. ಒಂದು ಗಾಲಿ ನೆಲ ಹಿಡಿದಿದ್ದರೆ ಎತ್ತಿದ ಗಾಲಿ ಎರಡು ಪಟ್ಟು ತಿರುಗುತ್ತದೆ. ಆದ್ದರಿಂದ ಅದರ ಎರಡು ಸುತ್ತನ್ನು ಒಂದೆಂದು ಹಿಡಿಯಬೇಕು. ಆ ಒಂದಕ್ಕೆ ಎಂಜಿನ್ನು ಎಷ್ಟು ಸುತ್ತುತ್ತದೆ ಎಂಬುದೇ ಗೇರಿನ ಲೆಕ್ಕ. ಗಾಲಿಗೂ ಪುಲ್ಲಿಗೂ ಸೀಮೆಸುಣ್ಣದ ಗೆರೆ ಎಳೆದೆ.

"ನಾ ತಿರಗಸ್ತೀನಿ. ಒಂದೊಂದು ಸುತ್ತಿಗೆ 'ಹೂಂ' ಅಂತೀನಿ. ನೀ ಗಾಲಿ ನೋಡಕೋತ ಎಣಸು."

"ನಡುವ ಒಲಿ ಮ್ಯಾಲಿನ ಹಾಲ ನೆನಪಾದರ ಲೆಕ್ಕ ತಪ್ಪತೈತ್ರಿ," ಎಂದು ಅವಳು ಒಳಗೆ ಹೋಗಿ ಒಂದು ಹಿಡಿ ಕಡಲೆ ತಂದಳು. ಎಡಗೈಯಿಂದ ಬಲಗೈಗೆ ಒಂದೊಂದೇ ಕಾಳು ಹಾಕುತ್ತ ನಿಂತಳು. ಔಷಧಿ ಅಂಗಡಿಯವರ ಗಾಡಿಯ ಗಾಲಿಯ ಗೆರೆ ಎರಡು ಸುತ್ತು ಮುಗಿಸಿ ಮರಳಿ ಕೆಳಗೆ ಬಂದಾಗ ಅವಳ ಬಲಗೈಯಲ್ಲಿ ಹದಿನೈದು ಕಾಳು.

"ಈಗ ಆ ಹದಿನೈದನ್ನೇ ಇಟ್ಕೊಂಡು ಅಕ್ಕಾರ ಗಾಡಿಗೆ ಬಾ."

ಅಕ್ಕಾರ ಗಾಡಿಯಲ್ಲಿ ಗೆರೆ ಎರಡು ಸುತ್ತು ಮುಗಿಸಿದಾಗ ಎಡಗೈಯಲ್ಲಿ ಎರಡು ಕಾಳು ಉಳಿದಿದ್ದವು, ಮೂರನೆಯದು ಬೆರಳ ನಡುವೆ. ಪುಲ್ಲಿಯ ಗೆರೆ ಅರ್ಧ ದಾರಿಯಲ್ಲಿತ್ತು. ಹನ್ನೆರಡೂವರೆ.

"ನಿಮ್ಮ 'ಹೂಂ' ತಪ್ಪಿರಬೇಕ್ರಿ. ಇನ್ನೊಮ್ಮೆ ಮಾಡ್ರಿ," ಎಂದಳು. ಮಾಡಿದೆವು. ಮೂರು ಸಲವೂ ಅಷ್ಟೇ. ಉಳಿದ ಕಾಳನ್ನು ಅವಳು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದಳು. "ಏನಾತ್ರಿ? ಯಾಕ ಹಂಗ ಕುಂತ್ರಿ?"

ನಾನು ಜಾಕಿನ ಪಕ್ಕದಲ್ಲಿ ನೆಲಕ್ಕೇ ಕೂತುಬಿಟ್ಟಿದ್ದೆ. ಆ ಎರಡೂವರೆ ಸುತ್ತು ಕಡಿಮೆಯಾದದ್ದೇ ಎಲ್ಲಕ್ಕೂ ಉತ್ತರ. ಎಂಜಿನ್ನು ಹೆಚ್ಚು ಸುತ್ತಿ ಗಾಲಿ ಒಮ್ಮೆ ಸುತ್ತಿದರೆ ಗಾಡಿಗೆ ಬಲ ಹೆಚ್ಚು, ಓಟ ಕಡಿಮೆ. ಗಾಲಿಯ ಅದೇ ಒಂದು ಸುತ್ತಿಗೆ ಎಂಜಿನ್ನು ಕಡಿಮೆ ಸುತ್ತಿದರೆ ಓಟ ಹೆಚ್ಚು, ಬಲ ಕಡಿಮೆ. ನಾನು ತಂದದ್ದು ಅದೇ ಕಂಪನಿಯ ದೊಡ್ಡ ಎಂಜಿನ್ನಿನ ಕಾರಿನ ಗೇರ್‌ಬಾಕ್ಸು. ಬೋಲ್ಟಿನ ತೂತು ಒಂದೇ, ಶಾಫ್ಟಿನ ಹಲ್ಲು ಒಂದೇ, ಕವಚ ಒಂದೇ. ಒಳಗಿನ ಕೊನೆಯ ಜೋಡಿ ಹಲ್ಲು ಮಾತ್ರ ಬೇರೆ. ನರಗುಂದದ ಮಟ್ಟ ರಸ್ತೆಯಲ್ಲಿ ಅದು ಪೆಟ್ರೋಲು ಉಳಿಸಿತು, ಸದ್ದಿಲ್ಲದೆ ಓಡಿತು, ನನಗೆ ಹೆಸರು ತಂದಿತು. ಗಜೇಂದ್ರಗಡದ ಏರಿನಲ್ಲಿ ಅಕ್ಕಾರ ಹೆಸರು ಕೆಡಿಸಿತು. ನನ್ನನ್ನು ಹೊಗಳಿಸಿದ್ದೂ ಅವರನ್ನು ಬೈಸಿದ್ದೂ ಒಂದೇ ತಪ್ಪು.

ಯಾವ ಗೇರ್‌ಬಾಕ್ಸನ್ನೂ ಎಣಿಸದೆ ಗಾಡಿಗೆ ಏರಿಸಬಾರದೆಂದು ನನಗೆ ಈ ಕೆಲಸ ಕಲಿಸಿದ ನರಗುಂದದ ಉಸ್ತಾದರು ಮೊದಲ ವರ್ಷವೇ ಹೇಳಿದ್ದರು. ಇಪ್ಪತ್ತೆಂಟು ವರ್ಷ ಹಾಗೇ ಮಾಡಿದ್ದೇನೆ. ಅಕ್ಕಾರ ಗಾಡಿಗೆ ಗುಜರಿಯದನ್ನು ಕೂಡಿಸಿದ ದಿನ ಮಾಡಲಿಲ್ಲ. ಯಾಕೆಂದರೆ ಮರುದಿನ ಅಮವಾಸ್ಯೆ. ನಮ್ಮ ಕಡೆ ಅಮವಾಸ್ಯೆಗೆ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯದ ಮನೆಯಿಲ್ಲ. ಗಾಡಿ ಅಂದು ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಬಿದ್ದಿದ್ದರೆ ಅದನ್ನು ಅಪಶಕುನವೆನ್ನುತ್ತಾರೆ. ಜೊತೆಗೆ ಮಹಾನವಮಿಯ ಸೀರೆ ವ್ಯಾಪಾರ ಎದುರಿಗಿತ್ತು. ಅಕ್ಕಾರ ಗಂಡ ಮೂರು ಸಲ ಫೋನು ಮಾಡಿದ್ದರು. ಬೋಲ್ಟು ಕೂತವು, ಗೇರು ಬಿದ್ದವು, ಕೊಟ್ಟು ಕಳಿಸಿದೆ.

ಶುಕ್ರವಾರ ಬಸ್ಸು ಹತ್ತಿ ನರಗುಂದಕ್ಕೆ ಹೋದೆ. ಉಸ್ತಾದರು ಅಂಗಡಿ ಮುಚ್ಚಿ ಆರು ವರ್ಷವಾಯಿತು. ಮಧ್ಯಾಹ್ನದ ನಮಾಜು ಮುಗಿಸಿ ಬಂದು ಮನೆಯ ಕಟ್ಟೆಯ ಮೇಲೆ ಯಾರದೋ ಹೊಲಿಗೆ ಮಶೀನಿನ ಬೆಲ್ಟು ಹೊಂದಿಸುತ್ತ ಕೂತಿದ್ದರು. ನಾನು ಸುತ್ತಿ ಬಳಸಿ ಮಾತು ತೆಗೆದೆ. "ಉಸ್ತಾದ, ಹಳೇ ಮಾದರಿ ಗೇರ್‌ಬಾಕ್ಸ್ ಈಗ ಎಲ್ಲಿ ಸಿಗತೈತ್ರಿ?"

ಅವರು ಬೆಲ್ಟಿನಿಂದ ಕಣ್ಣು ತೆಗೆಯಲಿಲ್ಲ. "ಈಗ ಹಾಕಿದ್ದು ಎಣಿಸಿದ್ಯೇನೋ?"

ಅಷ್ಟೇ. ನಾನು ಎಲ್ಲ ಹೇಳಿಬಿಟ್ಟೆ, ಅಮವಾಸ್ಯೆಯಿಂದ ಹಿಡಿದು ಕಡಲೆ ಕಾಳಿನ ತನಕ. ಅವರು ಚಹಾ ತರಿಸಿದರು. ಬಸಿಯಲ್ಲಿ ಊದಿ ಊದಿ ಕುಡಿದು, "ಹಳೇದು ಎಲ್ಲೈತಿ?" ಎಂದು ಕೇಳಿದರು.

"ನೀರಿನ ಟಾಕಿ ಮ್ಯಾಲ್ರಿ. ಮಂಗ್ಯಾನ ಕಾಟಕ್ಕ."

ಕೆಮ್ಮು ಬರುವ ತನಕ ನಕ್ಕರು. "ಎಣ್ಣಿ ಸೋರಿದರ ಮ್ಯಾಲಿನ ಹಲ್ಲು ಸಾಯತಾವ. ಕೆಳಗಿನ ದೊಡ್ಡ ಚಕ್ರ ತಳದಾಗ ಉಳದ ಎಣ್ಣ್ಯಾಗ ಮುಣಗಿರತೈತಲ್ಲೋ, ಅದಕ್ಕೇನ ಆಗತೈತಿ? ಅದನ್ನೂ, ಅದನ್ನ ತಿರಗಸೂ ಸಣ್ಣ ಚಕ್ರದ ಪಿನಿಯನ್ ಶಾಫ್ಟನ್ನೂ ತಗದು ಹೊಸಾದ್ರಾಗ ಹಾಕು. ಮದ್ದ ಮನ್ಯಾಗ ಇಟಕೊಂಡು ದವಾಖಾನಿ ಕೇಳಾಕ ನರಗುಂದಕ್ಕ ಬಂದಿ." ಆಮೇಲೆ ಬಸಿ ಕೆಳಗಿಟ್ಟು ಹೇಳಿದರು: "ಇಷ್ಟೆಲ್ಲಾ ನನ್ನ ಮುಂದ ಯಾಕ ಹೇಳಿದಿ? ಗಾಡಿ ನಂದಲ್ಲ."

ಬಸ್ಸಿನಲ್ಲಿ ಮರಳುವಾಗ ಇನ್ನೊಂದು ದಾರಿಯೂ ಕಂಡಿತು, ಮುಚ್ಚಿಡುವುದಿಲ್ಲ. ಸರ್ವೀಸಿಗೆಂದು ಗಾಡಿ ಇಟ್ಟುಕೊಂಡು ಒಳಗೊಳಗೇ ಹಲ್ಲು ಬದಲಿಸಿ, 'ಹೊಂದಿಸಿ ಕೊಟ್ಟೀನ್ರಿ' ಎನ್ನಬಹುದು. ಯಾರಿಗೂ ತಿಳಿಯದು. ಆದರೆ ಭಾನುವಾರ ಗಾಡಿ ಚಿಕ್ಕನರಗುಂದಕ್ಕೆ ಹೋಗುತ್ತದೆ. ಹೋಗದಿದ್ದರೂ, ಸರಿಯಾದ ಗಾಡಿಯಲ್ಲಿ ಕೂತ ಅಕ್ಕಾರು ಇಷ್ಟು ದಿನ ತಪ್ಪು ತಮ್ಮ ಕಾಲಿನದೇ ಎಂದುಕೊಂಡೇ ಇರುತ್ತಾರೆ. ಅವರ ಕಾಲಿನ ಮೇಲೆ ಆ ಮಾತು ಹೊರಿಸಿದವನು ನಾನು. ನಕ್ಕವನೂ ನಾನೇ. ರೋಣದಲ್ಲಿ ಇಳಿಯುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು.

ಶನಿವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಅಕ್ಕಾರು ಪಡಸಾಲೆಯಲ್ಲಿ ಸೀರೆಗಳ ಮಡಿಕೆ ಬಿಚ್ಚಿ ಮತ್ತೆ ಮಡಚುತ್ತಿದ್ದರು. ನಿಂತೇ ಹೇಳಿದೆ. "ಅಕ್ಕಾರ, ತಪ್ಪು ನಿಮ್ಮ ಕಾಲಿಂದಲ್ಲ. ಗೇರ್‌ಬಾಕ್ಸ್ ಬ್ಯಾರೆ ಗಾಡೀದು ಹಾಕೀನಿ. ಎಣಸಬೇಕಿತ್ತು, ಎಣಸಲಿಲ್ಲ."

ಅರ್ಥವಾಗಲೆಂದು ನೇಕಾರರ ರಾಟೆಯನ್ನೇ ಮಾತಿಗೆ ತಂದೆ: ದೊಡ್ಡ ಗಾಲಿ ಒಂದು ಸುತ್ತಿದರೆ ಕದಿರು ಹತ್ತಾರು ಸುತ್ತುತ್ತದಲ್ಲ, ಕಾರಿನಲ್ಲಿ ಅದು ತಿರುವುಮುರುವು. ಎಂಜಿನ್ನು ಕದಿರಿನ ಹಾಗೆ ಹದಿನೈದು ಸುತ್ತಿ ಗಾಲಿಯನ್ನು ಒಮ್ಮೆ ತಿರುಗಿಸಬೇಕು, ನಿಮ್ಮದರಲ್ಲಿ ಹನ್ನೆರಡೂವರೆಗೇ ತಿರುಗಿಸಲು ಹೆಣಗುತ್ತಿದೆ. ಅವರು ನಡುವೆ ಒಂದೇ ಮಾತು ಕೇಳಿದರು. "ಹಂಗಾದ್ರ ಆ ಗಟಾರದ ಕಲ್ಲಿನ ಮ್ಯಾಲ ಅರ್ಧ ಕ್ಲಚ್ ಹಿಡಿದದ್ದು?"

"ಅದಕ್ಕ ಬ್ಯಾರೆ ದಾರಿನ ಇರಲಿಲ್ರಿ. ನಾ ಕುಂತಿದ್ರೂ ಅದನ್ನ ಮಾಡ್ತಿದ್ದೆ."

ಕೈಯಲ್ಲಿದ್ದ ಸೀರೆಯ ಮಡಿಕೆಯನ್ನು ನಿಧಾನಕ್ಕೆ ಮುಗಿಸಿ, ಸೆರಗು ಮೇಲೆ ಬರುವ ಹಾಗೆ ಇಟ್ಟು, ಒಳಗೆ ಮುಖ ಮಾಡಿ ಕರೆದರು. "ರೀ, ಸ್ವಲ್ಪ ಹೊರಗ ಬರ್ರಿ." ನನ್ನ ಕಡೆ ತಿರುಗಿ, "ನನ್ನ ಮುಂದ ಹೇಳಿದ್ದು ಆತು. ಈಗ ಇವರ ಮುಂದ ಹೇಳ್ರಿ," ಎಂದರು.

ಮೂರನೇ ಸಲ ಹೇಳುವಾಗ ಮಾತು ಸರಾಗವಾಗಿ ಬಂತು. ಮೊನ್ನೆ ನಾನು ನಕ್ಕದ್ದೂ ತಪ್ಪೆಂದು ಸೇರಿಸಿದೆ. ಅವರ ಗಂಡ ತಲೆ ಕೆರೆದುಕೊಂಡರು. ಒಮ್ಮೆ ನನ್ನನ್ನು, ಒಮ್ಮೆ ಹೆಂಡತಿಯನ್ನು ನೋಡಿದರು. ಕೊನೆಗೆ ಕೇಳಿದರು, "ಹಂಗಾದ್ರ ಬದಲಿ ಮಾಡಿದ ಮ್ಯಾಲ ನರಗುಂದದ ರೋಡಿನ್ಯಾಗ ಈ ಎವರೇಜ್ ಸಿಗೂದಿಲ್ಲ ಅಂದಂಗಾತು?"

"ಎವರೇಜ್ ನೀವು ಇಟ್ಕೋರಿ," ಎಂದರು ಅಕ್ಕಾರು. "ನನಗ ಗುಡ್ಡ ಬೇಕು."

ಅವರ ಗಂಡ ತಾವಾಗಿಯೇ ಫೋನು ತೆಗೆದು ಚಿಕ್ಕನರಗುಂದದವರಿಗೆ, "ನಾಳಿ ಬರಬ್ಯಾಡ್ರಿ, ಗಾಡಿ ಕೊಡೂದಿಲ್ಲ," ಎಂದರು. ಆ ಕಡೆಯವರು ಕಾರಣ ಕೇಳಿರಬೇಕು. "ನಮ್ಮ ಡ್ರೈವರ್ ಒಲ್ಲೆ ಅನ್ನಾಕತ್ತಾರ್ರೀ," ಎಂದು ಫೋನಿಟ್ಟರು.

ಗಾಡಿ ಭಾನುವಾರ ಬಿಚ್ಚಿದೆ. ಟಾಕಿಯ ಮೇಲಿನ ಚೀಲ ಬಿಚ್ಚಿದಾಗ ಹೆಂಡತಿಯ ಗೊಣಗಾಟಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಚೀಲ ಸುತ್ತಿದ್ದರಿಂದ ಒಳಗೆ ಎಣ್ಣೆಯ ಪದರ ಹಾಗೇ ಇತ್ತು. ಅಂಚಿಗೆ ಮಾತ್ರ ಉಗುರಿನಷ್ಟು ತುಕ್ಕು. ಡೀಸೆಲ್ಲಿನಲ್ಲಿ ತೊಳೆದು, ಕನ್ನಡಕ ಒರೆಸಿಕೊಂಡು ಹಲ್ಲು ಎಣಿಸಿದೆ. ಹಳೆಯ ಪಿನಿಯನ್ನಿಗೆ ಹದಿನೆಂಟು ಹಲ್ಲು, ಅದು ತಿ‌ರುಗಿಸುವ ದೊಡ್ಡ ಚಕ್ರಕ್ಕೆ ಎಪ್ಪತ್ತೊಂಬತ್ತು. ಗುಜರಿಯದಕ್ಕೆ ಇಪ್ಪತ್ತು, ಎಪ್ಪತ್ತಮೂರು. ಎರಡು ಹಲ್ಲು ಅಲ್ಲಿ ಹೆಚ್ಚು, ಆರು ಹಲ್ಲು ಇಲ್ಲಿ ಕಡಿಮೆ, ಅಷ್ಟಕ್ಕೇ ಒಬ್ಬ ಹೆಣ್ಣುಮಗಳು ಬಸ್ಸಿಗೆ ಮರಳಲು ತಯಾರಾಗಿದ್ದರು. ಉಳಿದ ಒಂದರಿಂದ ನಾಲ್ಕರ ತನಕದ ಗೇರುಗಳನ್ನೂ ಎರಡೂ ಕಡೆ ಎಣಿಸಿದೆ, ಅವು ಸಮ ಇದ್ದವು. ಶಾಫ್ಟಿನ ಮೇಲೆ ಸತ್ತ ಹಲ್ಲುಗಳನ್ನು ಇಳಿಸಿ, ಗುಜರಿಯದರಲ್ಲಿದ್ದ ಒಳ್ಳೆಯವನ್ನು ಏರಿಸಬೇಕಿತ್ತು. ಎರಡು ಬೇರಿಂಗು ಹೊಸದೇ ಬೇಕು. ಹುಬ್ಬಳ್ಳಿಯಿಂದ ಮೊದಲು ಬಂದದ್ದು ಅಳತೆ ತಪ್ಪಿತ್ತು, ಮರಳಿಸಿದೆ. ಮತ್ತೆ ಬರಲು ನಾಲ್ಕು ದಿನ ಹೋಯಿತು. ನಡುವೆ ಸಂಕ್ರಮಣದ ಕೆಲಸದ ಬೈಕುಗಳು ಬೇರೆ. ಹೀಗೆ ದಿನ ಸರಿದು ಬನದ ಹುಣ್ಣಿಮೆಯ ಮುಂದಿನ ಅವರಾತ್ರಿ ಅಮವಾಸ್ಯೆ ಬಂದೇಬಿಟ್ಟಿತು.

ಹಿಂದಿನ ದಿನ ಅಕ್ಕಾರ ಗಂಡನ ಫೋನು. "ಮೇಸ್ತ್ರಿ, ನಾಳಿ ಅಮವಾಸಿ."

ಬೇರಿಂಗು ಕೈಗೆ ಬಂದಿತ್ತು. ಸಂಜೆಯ ತನಕ ಕೂತರೆ ಹೇಗೋ ಮುಗಿಸಬಹುದಿತ್ತು. ಆದರೆ ದೊಡ್ಡ ಚಕ್ರದ ಎರಡೂ ಬದಿಯ ಸಂದು ಅಳೆದು ಹೊಂದಿಸುವ ಕೆಲಸ ಬಾಕಿ ಇತ್ತು, ಅದು ಅವಸರಕ್ಕೆ ಬಗ್ಗುವುದಲ್ಲ. "ಈ ಅಮವಾಸಿ ಗಾಡಿ ಇಲ್ಲೇ ಇರಲ್ರಿ," ಎಂದೆ. ಆ ಕಡೆ ಫೋನು ಕೈ ಬದಲಾಯಿತು. ಆಮೇಲೆ ಅಕ್ಕಾರ ದನಿ: "ಇರಲ್ರಿ ಮೇಸ್ತ್ರಿ. ನಾನ ಅಲ್ಲಿಗೆ ಬರ್ತೀನಿ."

ಅಮವಾಸ್ಯೆಯ ಬೆಳಿಗ್ಗೆ ತಾಟಿನಲ್ಲಿ ಕಾಯಿ, ನಿಂಬೆಹಣ್ಣು, ಊದಿನಕಡ್ಡಿ ಹಿಡಿದು ಬಂದರು. ಹೊಟ್ಟೆ ಖಾಲಿಯಾದ ಕಾರಿಗೆ ಕುಂಕುಮ ಹಚ್ಚಿದರು. ಆಮೇಲೆ ಬೆಂಚಿನ ಮೇಲೆ ಹರವಿದ್ದ ಹಲ್ಲುಚಕ್ರಗಳ ಕಡೆ ಬಂದು, "ಇದರಾಗ ನಂದು ಯಾವುದ್ರಿ?" ಎಂದು ಕೇಳಿದರು. ತೋರಿಸಿದೆ. ಎಪ್ಪತ್ತೊಂಬತ್ತು ಹಲ್ಲಿನ ಚಕ್ರಕ್ಕೆ ಒಂದು ಬೊಟ್ಟು ಇಟ್ಟರು. ನಮ್ಮ ಮನೆಯವಳು, "ಅಲ್ಲಿ ಎಣ್ಣಿ ಹತ್ತತೈತ್ರಿ ಅಕ್ಕಾರ, ಸೀರಿ!" ಎಂದು ಕೂಗಿದಳು. ಅಕ್ಕಾರು ಸೆರಗು ಎತ್ತಿ ಕಟ್ಟಿಕೊಂಡು ಪಿನಿಯನ್ನಿಗೂ ಇಟ್ಟರು. ಕಾಯಿ ನನ್ನ ಕೈಯಿಂದಲೇ ಒಡೆಸಿದರು.

ಗೇರ್‌ಬಾಕ್ಸು ಏರಿಸುವ ಮೊದಲು ಬೆಂಚಿನ ಮೇಲೆ ಎಣಿಸಿದೆ. ಏರಿಸಿದ ಮೇಲೆ ಗಾಲಿ ಎತ್ತಿ, ಹೆಂಡತಿಯ ಕೈಗೆ ಕಡಲೆ ಕೊಟ್ಟು ಮತ್ತೆ ಎಣಿಸಿದೆ. ಹದಿನೈದು. ಹೊಸ ಕ್ಲಚ್ ಪ್ಲೇಟೂ ಹಾಕಿದೆ.

ಎರಡು ದಿನದ ಮೇಲೆ ಗಜೇಂದ್ರಗಡಕ್ಕೆ ಹೋದೆವು. ಹಿಂದೆ ಗಂಟುಗಳ ನಡುವೆ ಅಕ್ಕಾರ ಗಂಡ, ಮೊಣಕಾಲು ಗದ್ದಕ್ಕೆ ಹಚ್ಚಿ ಕೂತಿದ್ದರು. ಮಟ್ಟ ರಸ್ತೆಯಲ್ಲಿ ಎಂಜಿನ್ನು ಮೊದಲಿಗಿಂತ ಜೋರಾಗಿ ಹಾಡಿತು. "ಒದರಾಕತ್ತೈತಿ," ಎಂದರು ಅವರು. "ಒದರಲಿ," ಎಂದರು ಅಕ್ಕಾರು. ಬಸ್ ಸ್ಟ್ಯಾಂಡಿನ ಮುಂದೆ ಎರಡನೇ ಗೇರಿನಲ್ಲೇ ತಳ್ಳುಗಾಡಿಗಳ ಹಿಂದೆ ಸಾಗಿದೆವು, ಕುಲುಕಲಿಲ್ಲ. ವಾಸನೆ ಬರುತ್ತಿದ್ದುದು ಹೊರಗಿನ ಮಿರ್ಚಿ ಎಣ್ಣೆಯದು ಮಾತ್ರ.

ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ, "ಮೇಸ್ತ್ರಿ, ಇಳೀರಿ," ಎಂದರು. "ನಡಕೋತ ಬರ್ರಿ. ಅವತ್ತಿನಂಗ."

ಇಳಿದೆ. ಒಂದನೇ ಗೇರು ಬಿತ್ತು. ಕ್ಲಚ್ಚು ಮೇಲೆ ಬಂತು, ಅವರ ಎಡಗಾಲು ಪೆಡಲಿನಿಂದ ಪಕ್ಕಕ್ಕೆ ಸರಿದದ್ದನ್ನು ಬಾಗಿಲ ತೆರೆದ ಕಿಟಕಿಯಿಂದ ಕಂಡೆ. ಎಕ್ಸಿಲೇಟರ್ ತುಸುವೇ ಒತ್ತಿದ್ದರು. ಗಾಡಿ ನನ್ನ ಭುಜಕ್ಕೆ ಭುಜ ಕೊಟ್ಟು ಏರಿತು. ಓಡಬೇಕಾಗಲಿಲ್ಲ, ನಿಲ್ಲಬೇಕಾಗಲಿಲ್ಲ. ಗಟಾರದ ಕಲ್ಲಿಗೆ ಗಾಲಿ ಇಟ್ಟಿತು; ಎಂಜಿನ್ನಿನ ದನಿ ಸ್ವಲ್ಪ ದಪ್ಪವಾಯಿತು, ಗಾಲಿ ದಾಟಿತು, ಹಿಂದಿನದೂ ದಾಟಿತು. ಬಾಗಿಲಿಗೆ ಬಂದ ಆ ನೇಕಾರ ನೂಕಲು ತೋಳು ಏರಿಸಿಕೊಂಡಿದ್ದವನು ಹಾಗೇ ನಿಂತ.

"ಅಕ್ಕಾರ, ನಾನ ಬಂದಿದ್ನಲ್ರಿ!"

"ಹಿಂದ ಕುಂತಾರಲ್ಲ, ಅವರನ್ನ ಇಳಸ್ಕೋಪಾ," ಎಂದರು ಅಕ್ಕಾರು ನಿಲ್ಲಿಸದೆ. "ಅವರ ಕಾಲು ಹಿಡದಾವ."

ಏರಿನ ತುದಿಯಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಇಳಿದರು. ಬಾನೆಟ್ಟಿನ ಹತ್ತಿರ ಬಂದು ಮೂಗು ಅರಳಿಸಿ ವಾಸನೆ ನೋಡಿದರು, ನನ್ನ ಕಡೆ ನೋಡಿದರು, ಗಂಟು ಇಳಿಸಲು ಹಿಂದೆ ಹೋದರು.

ಸಂಜೆ ಮನೆಗೆ ಬಂದು ಕೈ ತೊಳೆದು, ಟಾಕಿಯ ಮುಚ್ಚಳ ನೋಡಿದೆ. ಅದರ ಮೇಲೆ ಹೆಂಡತಿ ಆಗಲೇ ಗೊಬ್ಬರದ ಚೀಲ ಹೇರಿದ್ದಳು, ಒಳಗೆ ಗುಜರಿಯ ಎಪ್ಪತ್ತಮೂರು ಹಲ್ಲಿನ ಚಕ್ರ ಮತ್ತು ಅದರ ಶಾಫ್ಟು. "ಇದರ ಭಾರ ಸಾಲತೈತೇನ?" ಎಂದು ಕೇಳಿದೆ. "ಮಂಗ್ಯಾಗ ಸಾಕ್ರಿ," ಎಂದಳು.

ಊಟಕ್ಕೆ ಬಿಸಿ ಸಜ್ಜೆ ರೊಟ್ಟಿ, ಎಣಗಾಯಿ ಬದನೆ, ಹಸಿ ಮೆಂತ್ಯ, ಶೇಂಗಾ ಹಿಂಡಿ, ಗಡಿಗೆಯ ಮೊಸರು. ಅಕ್ಕಾರು ಕಟ್ಟಿಸಿಕೊಟ್ಟ ನಾಲ್ಕು ಮಿರ್ಚಿ ಆರಿದ್ದವು, ಹಂಚಿನ ಮೇಲೆ ಬಿಸಿ ಮಾಡಿದಳು. ಎಣಿಸಲು ತಂದ ಕಡಲೆಯೂ ಪಲ್ಯದಲ್ಲಿತ್ತು. ಈ ಹದಿನೈದು ದಿನ ಅವಳು ಮೊದಲು ಮಲಗುತ್ತಿದ್ದಳು, ನಾನು ಹೊರಳಾಡುತ್ತಿದ್ದೆ. ಅಂದು ನಾನೇ ಮೊದಲು ಮಲಗಿದೆನಂತೆ, ಚಾದರವನ್ನೂ ಹೊದೆಯದೆ. ಬೆಳಿಗ್ಗೆ ಅವಳು ಹೇಳಿದಳು.